ಉಸ್ತಾದರ ಮುಖ

ಕುರ್‌ಆನಿನ 80ನೆಯ ಅಧ್ಯಾಯಕ್ಕೆ ‘ಅಬಸ’ ಎಂದು ಹೆಸರು. ಮುಖ ಸಿಂಡರಿಸಿದರು ಎಂದು ಅದರ ಅರ್ಥ. ಅದರ ಹಿಂದಿನ ಪ್ರಸಂಗವನ್ನು ವ್ಯಾಖ್ಯಾನಕಾರರು ಹೀಗೆ ಹೇಳುತ್ತಾರೆ. ಮಕ್ಕಾದ ದಿನಗಳು. ಪ್ರವಾದಿಯವರು ಕುರೈಷ್ ಬುಡಕಟ್ಟಿನ ಮುಖಂಡರ ಜೊತೆ ಮಾತಿನಲ್ಲಿದ್ದರು. ಅವರು ಒಪ್ಪಿಬಿಟ್ಟರೆ ಊರೇ ಒಪ್ಪಿದಂತೆ, ಅಂಥ ದೊಡ್ಡ ಮನುಷ್ಯರು. ಅಷ್ಟರಲ್ಲಿ ಇಬ್ನ್ ಉಮ್ಮಿ ಮಕ್ತೂಮ್ ಎಂಬ ಕಣ್ಣು ಕಾಣದ ಮನುಷ್ಯ ತಡವರಿಸುತ್ತಾ ಬಂದು, ನನಗೂ ಕಲಿಸಿಕೊಡಿ ಎಂದು ನಡುವೆ ಬಾಯಿ ಹಾಕಿದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು, ಮುಖ ಆಚೆ ತಿರುಗಿತು. ಆ ಮೇಲೆ ಇಳಿದು ಬಂದ ವಚನಗಳು ಕಲಿಯಲು ಬಂದವನ ಮೇಲಲ್ಲ, ಕಲಿಸುವವರ ಮೇಲೆಯೇ ಆಕ್ಷೇಪ ಎತ್ತಿದವು. (ಶಿಯಾ ವ್ಯಾಖ್ಯಾನಕಾರರಲ್ಲಿ ಹಲವರು ಮುಖ ಸಿಂಡರಿಸಿದ್ದು ಪ್ರವಾದಿಯವರಲ್ಲ, ಅಲ್ಲಿದ್ದ ಬೇರೊಬ್ಬ ಎನ್ನುತ್ತಾರೆ. ನಾನು ಸುನ್ನಿಗಳ ನಡುವೆ ಬೆಳೆದವನು, ಕೇಳಿಸಿಕೊಂಡದ್ದು ಮೊದಲನೆಯ ಕಥೆಯನ್ನು.) ಮುಂದೆ ಇಬ್ನ್ ಉಮ್ಮಿ ಮಕ್ತೂಮ್ ಮದೀನಾದಲ್ಲಿ ಬಿಲಾಲರ ಜೊತೆಗೆ ಬಾಂಗ್ ಕೊಡುವವರಾದರು. ಪ್ರವಾದಿಯವರು ಊರಲ್ಲಿಲ್ಲದಾಗ ಮದೀನಾದ ಹೊಣೆ ಹೊತ್ತದ್ದೂ ಉಂಟು.

ಬಹಳ ವರ್ಷಗಳಿಂದ ಈ ಕಥೆಯ ಒಂದು ಸಣ್ಣ ಸಂಗತಿ ನನ್ನನ್ನು ಬಿಟ್ಟಿಲ್ಲ. ಬಂದವರಿಗೆ ಕಣ್ಣು ಕಾಣುತ್ತಿರಲಿಲ್ಲ. ಎದುರಿನ ಮುಖ ಗಂಟಿಕ್ಕಿದ್ದು ಅವರಿಗೆ ಕಾಣಲಿಲ್ಲ. ಬಾಯಿಂದ ಒಂದು ಕೆಟ್ಟ ಮಾತೂ ಬರಲಿಲ್ಲ. ಹಾಗಿದ್ದ ಮೇಲೆ ಯಾರಿಗೆ ಏನು ನೋವಾಯಿತು? ನೋವೇ ಆಗದಿದ್ದರೆ ಆಕ್ಷೇಪ ಯಾಕೆ? ಕಲಿಯಬೇಕೆಂದು ಬಂದವರ ಎದುರು ಕಲಿಸುವವನ ಮುಖ ಹೇಗಿರುತ್ತದೆ ಎನ್ನುವುದು, ಆ ಮುಖ ವಿದ್ಯಾರ್ಥಿಗೆ ಕಂಡರೂ ಕಾಣದಿದ್ದರೂ, ಒಂದು ನೈತಿಕ ವಿಷಯ ಎಂದು ಆ ಅಧ್ಯಾಯ ಹೇಳುತ್ತಿದೆಯೇ? ಹೌದು ಎಂದೇ ನಾನು ಓದಿಕೊಂಡಿದ್ದೇನೆ. ಕಣ್ಣಿಲ್ಲದವರ ವಿಷಯದಲ್ಲೇ ಇಷ್ಟು ಎಚ್ಚರಿಕೆ ಬೇಕಾದರೆ, ಎರಡು ಕಣ್ಣೂ ಅಗಲ ಬಿಟ್ಟುಕೊಂಡು ನಮ್ಮ ಮುಖವನ್ನೇ ನೋಡುತ್ತಾ ಕೂತಿರುವ ಎಂಟು ವರ್ಷದ ಮಕ್ಕಳ ವಿಷಯದಲ್ಲಿ ಎಷ್ಟು ಬೇಕು?

‘ಅಬಸ’ ಇರುವುದು ಕೊನೆಯ ಜುಝಿನಲ್ಲಿ, ಅಂದರೆ 30ನೆಯ ಭಾಗದಲ್ಲಿ. ಅಲ್ಲಿನ ಅಧ್ಯಾಯಗಳು ಚಿಕ್ಕವು. ಹಾಗಾಗಿ ಮಕ್ಕಳು ಮೊದಲು ಬಾಯಿಪಾಠ ಮಾಡುವುದು ಆ ಭಾಗವನ್ನೇ. ನಮ್ಮ ದಕ್ಷಿಣ ಕನ್ನಡ, ಉಡುಪಿಯ ಮದರಸಗಳಲ್ಲಿ ಬೆಳಿಗ್ಗೆ ಏಳೂವರೆಗೆ ಮಕ್ಕಳು ಹಿಂದೆ ಮುಂದೆ ತೂಗುತ್ತಾ ಅದನ್ನು ಓದಿ ಒಪ್ಪಿಸುತ್ತಾರೆ. ಎಲ್ಲೋ ಒಂದು ಕಡೆ ಉಚ್ಚಾರ ತಪ್ಪುತ್ತದೆ. ಉಸ್ತಾದರ ಮುಖ ಗಂಟಿಕ್ಕುತ್ತದೆ. ಆಗ ಯಾರಿಗೂ ನಗು ಬರುವುದಿಲ್ಲ, ಯಾಕೆಂದರೆ ಓದುತ್ತಿರುವ ಮಕ್ಕಳಿಗೆ ಅದರ ಅರ್ಥ ಗೊತ್ತಿಲ್ಲ.

ನಾನು ಕಲಿತದ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯ ಮದರಸದಲ್ಲಿ. ಈಗ ಅದೇ ಕಡೆಯ ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರು. ಬೆಳಿಗ್ಗೆ ಏಳರಿಂದ ಎಂಟೂವರೆಯ ತನಕ ಮದರಸದಲ್ಲಿ ಕೂತ ಮಕ್ಕಳು ಮನೆಗೆ ಓಡಿ, ಗಂಜಿಯನ್ನೋ ಚಾ ತಿಂಡಿಯನ್ನೋ ಮುಗಿಸಿ, ಟೋಪಿ ತೆಗೆದಿಟ್ಟು ಯೂನಿಫಾರ್ಮ್ ಹಾಕಿ ಒಂಬತ್ತೂವರೆಗೆ ನನ್ನ ಎದುರು ಬಂದು ಕೂರುತ್ತಾರೆ. ಶುಕ್ರವಾರ ಮದರಸಕ್ಕೆ ರಜೆ, ಭಾನುವಾರ ಶಾಲೆಗೆ ರಜೆ. ಅಂದರೆ ವಾರದ ಏಳು ದಿನವೂ ಅವರಿಗೆ ಎಲ್ಲಾದರೂ ಒಂದು ಕಡೆ ಪಾಠ ಇದ್ದೇ ಇದೆ. ಮನೆಯಲ್ಲಿ ಬ್ಯಾರಿ ಮಾತು. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು. ನಮ್ಮ ಕಡೆಯ ಬಹಳಷ್ಟು ಮದರಸಗಳು ಕೇರಳದ ಸುನ್ನಿ ಮಂಡಳಿಗಳ ಪಠ್ಯಕ್ರಮದಲ್ಲಿ ನಡೆಯುತ್ತವೆ. ಅವುಗಳಲ್ಲಿ ಹಳೆಯದು 1951ರಲ್ಲಿ ಶುರುವಾದ ‘ಸಮಸ್ತ’ದ ವಿದ್ಯಾಭ್ಯಾಸ ಮಂಡಳಿ. ನಮ್ಮ ಕಾಲದಲ್ಲಿ ಪಾಠಪುಸ್ತಕ ಇದ್ದದ್ದು ಅರಬಿ ಮಲಯಾಳದಲ್ಲಿ, ಅಂದರೆ ಮಲಯಾಳ ಭಾಷೆಯನ್ನು ಅರಬಿ ಅಕ್ಷರದಲ್ಲಿ ಬರೆಯುವ ಕ್ರಮದಲ್ಲಿ. ಅರಬಿಯಲ್ಲಿ ‘ಪ’ ಇಲ್ಲ, ‘ಚ’ ಇಲ್ಲ. ಅದಕ್ಕಾಗಿ ಇರುವ ಅಕ್ಷರಗಳಿಗೇ ಹೆಚ್ಚುವರಿ ಚುಕ್ಕೆ ಇಟ್ಟು ಹೊಸ ಅಕ್ಷರ ಮಾಡಿದ್ದಾರೆ. ಆರು ವರ್ಷಕ್ಕೆ ಇಷ್ಟೆಲ್ಲ ಲಿಪಿ, ಭಾಷೆಗಳ ನಡುವೆ ಓಡಾಡುವ ಮಕ್ಕಳನ್ನು ದಡ್ಡರು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಆದರೂ ವರ್ಷಕ್ಕೊಮ್ಮೆಯಾದರೂ ಜಮಾಅತ್ ಕಮಿಟಿಯ ಮೀಟಿಂಗಿನಲ್ಲಿ ಅದೇ ಮಾತು ಬರುತ್ತದೆ. ಮಕ್ಕಳಿಗೆ ಕಲಿಯುವ ಆಸಕ್ತಿ ಇಲ್ಲ. ಐದನೆಯ ತರಗತಿಯ ಪಬ್ಲಿಕ್ ಪರೀಕ್ಷೆ ದಾಟಿತೋ ಇಲ್ಲವೋ ಹುಡುಗರು ತಪ್ಪಿಸಿಕೊಳ್ಳಲು ಶುರು ಮಾಡುತ್ತಾರೆ, ಏಳನೆಯದು ಮುಗಿದ ಮೇಲೆ ಬೆರಳೆಣಿಕೆಯವರು. ಒಬ್ಬರು ಮೊಬೈಲ್ ಎನ್ನುತ್ತಾರೆ. ಇನ್ನೊಬ್ಬರು ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ಏಳೂವರೆಗೇ ಬರುತ್ತದೆ ಎನ್ನುತ್ತಾರೆ, ಅದು ನಿಜ ಕೂಡ. ಪರಿಹಾರವಾಗಿ ಬಹುಮಾನದ ಮೊತ್ತ ಏರಿಸುವುದು, ಹಾಜರಿ ಬಿಗಿ ಮಾಡುವುದು, ಉಸ್ತಾದರನ್ನು ಬದಲಾಯಿಸುವುದು. ಮಕ್ಕಳನ್ನು ಕರೆದು ನಿಮಗೇನು ಬೇಕು ಎಂದು ಕೇಳಿದ ಒಂದು ಮೀಟಿಂಗ್ ಕೂಡ ನನ್ನ ನೆನಪಿನಲ್ಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅನುಭವದ ಇಬ್ಬರು ಉಸ್ತಾದರ ವಿಷಯ ಹೇಳಬೇಕು. ನಾನು ಮೂರನೆಯ ತರಗತಿಯಲ್ಲಿದ್ದಾಗ ಒಂದು ಪ್ರಶ್ನೆ ತಲೆಗೆ ಹೊಕ್ಕಿತ್ತು. ಅಲ್ಲಾಹನಿಗೆ ಬ್ಯಾರಿ ಭಾಷೆ ಗೊತ್ತುಂಟಾ? ಗೊತ್ತಿದ್ದರೆ ನಾವು ಯಾಕೆ ಇಷ್ಟು ಕಷ್ಟಪಟ್ಟು ಅರಬಿ ಕಲಿಯಬೇಕು? ಕೇಳಿದೆ. ಉಸ್ತಾದರು ಕಿವಿ ಹಿಡಿದು ತಿರುಚಿ, ಇಂಥದ್ದನ್ನೆಲ್ಲ ಶೈತಾನ್ ಕೇಳಿಸುವುದು ಎಂದರು. ತರಗತಿ ನಕ್ಕಿತು. ಆ ವರ್ಷ ಪೂರ್ತಿ ನಾನು ಬಾಯಿ ಬಿಡಲಿಲ್ಲ. ಮುಚ್ಚಿಡಬಾರದ ಸಂಗತಿ ಎಂದರೆ, ವಾರ್ಷಿಕ ಪರೀಕ್ಷೆಯಲ್ಲಿ ಆ ವರ್ಷ ನಾನೇ ತರಗತಿಗೆ ಮೊದಲು. ಹೆದರಿಕೆಯಿಂದ ಅಂಕ ಬರುತ್ತದೆ. ಹೆದರಿಸಿದರೆ ಮಕ್ಕಳು ಕಲಿಯುವುದೇ ಇಲ್ಲ ಎಂದು ವಾದಿಸುವವರು ಇದನ್ನು ಗಮನಿಸಬೇಕು.

ಮರುವರ್ಷ ಬೇರೆ ಉಸ್ತಾದರು ಬಂದರು. ಕಾಸರಗೋಡಿನ ಕಡೆಯವರು, ಪ್ರಾಯ ಇಪ್ಪತ್ತೈದೂ ಇರಲಿಕ್ಕಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಕಿಡಿಗೇಡಿತನಕ್ಕೆಂದೇ, ಇವನಿಗೊಂದು ಸಂಶಯ ಉಂಟಂತೆ ಉಸ್ತಾದ್ ಎಂದು ನನ್ನನ್ನು ಸಿಕ್ಕಿಸಿ ಹಾಕಿದ. ಎದ್ದು ನಿಂತು ನಡುಗುತ್ತಾ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಿನಗೆ ಏನು ಅನ್ನಿಸ್ತದೆ ಮೋನೆ?” ಎಂದು ಕೇಳಿದರು. ಗೊತ್ತಿರಬೇಕು, ಇಲ್ಲದಿದ್ದರೆ ನಮ್ಮ ಅಜ್ಜಿ ದಿನಾ ರಾತ್ರಿ ಬ್ಯಾರಿಯಲ್ಲಿ ಕೇಳಿಕೊಳ್ಳುವುದು ಅವನಿಗೆ ತಲುಪುವುದು ಹೇಗೆ ಎಂದೆ. “ಹಾಗಾದರೆ ನೀನು ಹೇಳುವುದನ್ನು ಬ್ಯಾರಿಯಲ್ಲೇ ಹೇಳು. ಅವನು ಹೇಳಿದ್ದನ್ನು ಕೇಳಿಸಿಕೊಳ್ಳಲಿಕ್ಕೆ ಅರಬಿ ಕಲಿ” ಎಂದರು. ಈ ಉತ್ತರ ಶಾಸ್ತ್ರಕ್ಕೆ ಸರಿಯೋ ತಪ್ಪೋ ಪಂಡಿತರು ಹೇಳಬೇಕು. ನಮಾಝ್ ಅರಬಿಯಲ್ಲೇ ಆಗಬೇಕಲ್ಲ ಎಂದು ಈಗ ನನಗೇ ಮರುಪ್ರಶ್ನೆ ಹೊಳೆಯುತ್ತದೆ. ಆದರೆ ಅಂದಿನಿಂದ ಮದರಸಕ್ಕೆ ಹೋಗುವಾಗ ಕಾಲು ಹಗುರ ಇತ್ತು. ಆ ವರ್ಷ ನನಗೆ ಬಂದದ್ದು ನಾಲ್ಕನೆಯ ಸ್ಥಾನ. ಮೊದಲ ಸ್ಥಾನ ಬಂದ ವರ್ಷದ ಪಾಠ ಒಂದೂ ಈಗ ನೆನಪಿಲ್ಲ. ನಾಲ್ಕನೆಯ ಸ್ಥಾನದ ವರ್ಷ ಕಲಿತ ಅರಬಿ ವ್ಯಾಕರಣದ ಮೇಲೆ ಇವತ್ತಿಗೂ ನಾನು ಕುರ್‌ಆನಿನ ಒಂದೊಂದು ಸಾಲನ್ನು ಬಿಡಿಸಿಕೊಂಡು ಓದುತ್ತೇನೆ.

ಈಗ ನಮ್ಮ ಊರಿನ ಮದರಸದಲ್ಲಿರುವ ಉಸ್ತಾದರ ಜೊತೆ ಇದನ್ನೆಲ್ಲ ಮಾತಾಡಿದ್ದೇನೆ. ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕೂತರೆ ಮಗ್‌ರಿಬ್‌ನ ತನಕ ನಮ್ಮ ವಾದ ನಡೆಯುತ್ತದೆ. ಅವರು ಓದಿಕೊಂಡವರು, ದರ್ಸಿನಲ್ಲಿ ಏಳೆಂಟು ವರ್ಷ ಕಿತಾಬು ಓದಿ ಬಂದವರು. ಅವರ ಮಾತನ್ನು ಹಗುರ ಮಾಡಿ ಹೇಳಬಾರದು. “ಮಾಷ್ಟ್ರೆ, ನಿಮ್ಮ ಶಾಲೆಯಲ್ಲಿ ಕೊಡುವುದು ಮಾಹಿತಿ. ಇಲ್ಲಿ ಕೊಡುವುದು ಇಲ್ಮ್. ಅದಬ್ ಇಲ್ಲದ ಕಡೆಗೆ ಇಲ್ಮ್ ಇಳಿಯುವುದಿಲ್ಲ” ಎನ್ನುವುದು ಅವರ ವಾದದ ತಿರುಳು. ಅದಬ್ ಎಂದರೆ ವಿನಯ, ಮರ್ಯಾದೆ, ಎದುರಿಗಿರುವ ವಿಷಯ ತನಗಿಂತ ದೊಡ್ಡದು ಎಂಬ ಎಚ್ಚರ. ಮಾತು ಮಾತಿಗೆ ಯಾಕೆ ಎಂದು ಕೇಳುವವನಿಗೆ ಕಾಯುವ ತಾಳ್ಮೆ ಇರುವುದಿಲ್ಲ, ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಹತ್ತು ವರ್ಷ ಬದುಕಬೇಕು ಎನ್ನುತ್ತಾರೆ. ಇದನ್ನು ನಾನು ಒಪ್ಪುತ್ತೇನೆ. ಪಂಪನ ಒಂದು ಪದ್ಯಕ್ಕೆ ಐದು ನಿಮಿಷದಲ್ಲಿ ಅರ್ಥ ಬೇಕು ಎನ್ನುವ ಹುಡುಗರನ್ನು ನಾನೂ ದಿನಾ ನೋಡುತ್ತೇನೆ.

ಅವರು ತಮ್ಮ ವಾದಕ್ಕೆ ತರುವುದು ಮೂಸಾ ನಬಿಯವರ ಕಥೆ. ಕುರ್‌ಆನಿನ 18ನೆಯ ಅಧ್ಯಾಯ ‘ಕಹ್ಫ್’ನಲ್ಲಿ ಬರುತ್ತದೆ, ಶುಕ್ರವಾರ ಶುಕ್ರವಾರ ನಮ್ಮ ಮನೆಗಳಲ್ಲಿ ಓದುವ ಅಧ್ಯಾಯ. ಅಲ್ಲಿ ಹೆಸರಿಲ್ಲದ, ಪರಂಪರೆ ಖಿಳ್ರ್ ಎಂದು ಕರೆಯುವ ಜ್ಞಾನಿಯ ಬಳಿ ಕಲಿಯಲು ಮೂಸಾ ಹೋಗುತ್ತಾರೆ. ನಾನಾಗಿ ಹೇಳುವ ತನಕ ಏನೂ ಕೇಳಬಾರದು ಎಂದು ಗುರು ಷರತ್ತು ಹಾಕುತ್ತಾರೆ. ಬಡವರ ದೋಣಿಯೊಂದನ್ನು ಹತ್ತಿದವರು ಅದಕ್ಕೇ ತೂತು ಮಾಡುತ್ತಾರೆ. ಮೂಸಾ ತಡೆಯಲಾರದೆ ಕೇಳುತ್ತಾರೆ. ಮುಂದೆ ಒಬ್ಬ ಹುಡುಗನನ್ನು ಕೊಲ್ಲುತ್ತಾರೆ. ಮತ್ತೆ ಕೇಳುತ್ತಾರೆ. ಊಟ ಕೊಡದ ಊರಿನವರ ಕುಸಿಯುವ ಗೋಡೆಯನ್ನು ಕೂಲಿ ಇಲ್ಲದೆ ನಿಲ್ಲಿಸುತ್ತಾರೆ. ಮೂರನೆಯ ಸಲವೂ ಮೂಸಾ ಬಾಯಿ ಬಿಡುತ್ತಾರೆ. ಅಲ್ಲಿಗೆ ಗುರುಶಿಷ್ಯರ ದಾರಿ ಬೇರೆಯಾಗುತ್ತದೆ. ನೋಡಿ, ಪ್ರವಾದಿಯಾದ ಮೂಸಾರಿಗೇ ಕೇಳಬೇಡ ಎಂದಿದ್ದಾರೆ, ಇನ್ನು ನಮ್ಮ ಮಕ್ಕಳದ್ದೇನು ಎಂದು ಉಸ್ತಾದರು.

ನಾನು ಅವರಿಗೆ ಹೇಳಿದ್ದು, ಕಥೆ ಅಲ್ಲಿಗೆ ಮುಗಿಯುವುದಿಲ್ಲವಲ್ಲ ಎಂದು. ಬೇರೆಯಾಗುವ ಮೊದಲು ಖಿಳ್ರ್ ಕೂತು ಮೂರಕ್ಕೂ ಉತ್ತರ ಹೇಳುತ್ತಾರೆ. ಮುಂದೆ ಒಬ್ಬ ರಾಜ ಒಳ್ಳೆಯ ದೋಣಿಗಳನ್ನೆಲ್ಲ ಬಲವಂತವಾಗಿ ಕಿತ್ತುಕೊಳ್ಳುತ್ತಿದ್ದ, ತೂತಾದ ದೋಣಿ ಬಡವರ ಕೈಯಲ್ಲೇ ಉಳಿಯಲಿ ಎಂದು ಹಾಗೆ ಮಾಡಿದೆ ಎಂದು ವಿವರಿಸುತ್ತಾರೆ. ಹುಡುಗನ ವಿಷಯ, ಗೋಡೆಯ ಅಡಿಯಲ್ಲಿದ್ದ ಅನಾಥ ಮಕ್ಕಳ ನಿಧಿಯ ವಿಷಯ ಕೂಡ. ಷರತ್ತು ಮುರಿದ ಶಿಷ್ಯ, ಇನ್ನು ಜೊತೆಗಿರಲಾರೆ ಎಂದು ನಿಶ್ಚಯಿಸಿದ ಗುರು. ಆದರೂ ಕೇಳಿದ ಒಂದು ಪ್ರಶ್ನೆಯನ್ನೂ ಅವರು ಬಾಕಿ ಉಳಿಸಿಕೊಂಡು ಹೋಗಲಿಲ್ಲ. ಪ್ರಶ್ನೆ ಕೇಳುವ ಸಮಯದ ಬಗ್ಗೆ ಗುರುವಿಗೆ ಹಕ್ಕಿದೆ. ಪ್ರಶ್ನೆಯನ್ನೇ ಹೂತುಹಾಕುವ ಹಕ್ಕು ಆ ಕಥೆಯಲ್ಲಿ ಯಾರಿಗೂ ಕೊಟ್ಟದ್ದು ನನಗೆ ಕಾಣುವುದಿಲ್ಲ. ಉಸ್ತಾದರು ಗಡ್ಡ ಸವರಿಕೊಂಡು ಹೌದು ಎಂದರು. ಅವರು ಸುಲಭಕ್ಕೆ ಹೌದು ಎನ್ನುವವರಲ್ಲ.

ನನಗೆ ಇನ್ನೂ ದೊಡ್ಡ ಪುರಾವೆಯಾಗಿ ಕಾಣುವುದು ನಾವು ಯಾರ ದಾರಿಯಲ್ಲಿ ನಮಾಝ್ ಮಾಡುತ್ತೇವೆ ಎಂಬುದೇ. ಕರಾವಳಿಯ ನಾವು ಶಾಫಿ ಪಂಥದವರು. ಇಮಾಂ ಶಾಫಿ ಮದೀನಾದಲ್ಲಿ ಇಮಾಂ ಮಾಲಿಕರ ಶಿಷ್ಯರಾಗಿದ್ದವರು, ಗುರುವಿನ ‘ಮುವತ್ತಾ’ ಗ್ರಂಥವನ್ನು ಬಾಯಿಪಾಠ ಮಾಡಿಕೊಂಡೇ ಅವರ ಬಳಿಗೆ ಹೋದವರು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಆ ಮೇಲೆ ಅದೇ ಗುರುವಿನ ಎಷ್ಟೋ ತೀರ್ಮಾನಗಳನ್ನು ಒಪ್ಪದೆ ತಮ್ಮದೇ ದಾರಿ ಹಾಕಿದರು. ಗುರುವಿನ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಭಿನ್ನಮತವೂ ನಿಲ್ಲಲಿಲ್ಲ. ಕೂಫಾದ ಅಬೂ ಹನೀಫರ ಶಿಷ್ಯರಾದ ಅಬೂ ಯೂಸುಫ್, ಮುಹಮ್ಮದ್ ಶೈಬಾನಿ ಇಬ್ಬರೂ ಗುರುವಿನ ಜೊತೆ ಒಪ್ಪದ ಕಡೆಗಳನ್ನು ಹನಫಿ ಗ್ರಂಥಗಳು ಇವತ್ತಿಗೂ ಹಾಗೆಯೇ ಬರೆದಿಟ್ಟುಕೊಂಡು ಬಂದಿವೆ. ಅಂದರೆ ಬಾಯಿ ಬಿಟ್ಟ ಶಿಷ್ಯರಿಂದಲೇ ಕಟ್ಟಿದ ಮನೆಯಲ್ಲಿ ಕೂತು ನಾವು ಮಕ್ಕಳಿಗೆ ಬಾಯಿ ಮುಚ್ಚು ಎನ್ನುತ್ತೇವೆ.

ಇಮಾಂ ಮಾಲಿಕರ ಬಗ್ಗೆಯೇ ಇನ್ನೊಂದು ಕಥೆ ಉಂಟು, ಮದರಸದ ಭಾಷಣಗಳಲ್ಲಿ ತಪ್ಪದೆ ಬರುವಂಥದ್ದು. ಮದೀನಾಕ್ಕೆ ಒಂದು ಸಲ ಆನೆ ಬಂತಂತೆ. ಆನೆ ಕಾಣದ ಊರು. ಶಿಷ್ಯರೆಲ್ಲ ಪಾಠ ಬಿಟ್ಟು ಓಡಿದರು. ಆಂದಲೂಸಿಯಾದಿಂದ ಬಂದಿದ್ದ ಯಹ್ಯಾ ಒಬ್ಬರೇ ಕೂತಿದ್ದರು. ನೀನೇಕೆ ಹೋಗಲಿಲ್ಲ ಎಂದರೆ, ನಾನು ಅಷ್ಟು ದೂರದಿಂದ ಬಂದದ್ದು ನಿಮ್ಮನ್ನು ನೋಡಲು, ಆನೆಯನ್ನಲ್ಲ ಎಂದರಂತೆ. ಗುರು ಮೆಚ್ಚಿದರು. ಯಹ್ಯಾ ದೊಡ್ಡವರೇ, ಮುವತ್ತಾದ ಹೆಸರುವಾಸಿಯಾದ ಪಾಠ ಅವರ ಮೂಲಕವೇ ಬಂದದ್ದು. ಆದರೂ ಈ ಕಥೆ ಕೇಳಿದಾಗಲೆಲ್ಲ ನನ್ನ ಮನಸ್ಸು ಓಡಿ ಹೋದ ಹುಡುಗರ ಕಡೆಗೇ. ಕಲಿಯುವ ಹಸಿವು ಎನ್ನುವುದು ಆನೆ ನೋಡಲು ಓಡುವ ಕಾಲುಗಳಲ್ಲಿಯೂ ಇದೆ. ಮಕ್ಕಳ ಜೊತೆ ಆನೆ ನೋಡಿ ಬಂದು, ಬನ್ನಿ ಈಗ ಪಾಠಕ್ಕೆ ಎನ್ನುವ ಗುರುವೊಬ್ಬರ ಕಥೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಇಮಾಂ ಗಝ್ಝಾಲಿಯವರು ಮಾತ್ರ ‘ಇಹ್ಯಾ’ದಲ್ಲಿ ಮಕ್ಕಳನ್ನು ಪಾಠದ ನಂತರ ಆಟಕ್ಕೆ ಬಿಡಬೇಕು, ಆಟ ತಡೆದು ಸದಾ ಕಲಿಕೆಯಲ್ಲೇ ಒತ್ತಿಟ್ಟರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾರೆ. ಒಂಬೈನೂರು ವರ್ಷಗಳ ಹಿಂದಿನ ಆ ಮಾತನ್ನು ನಮ್ಮ ಕಮಿಟಿಯ ಮೀಟಿಂಗಿನಲ್ಲಿ ಓದಬೇಕೆಂದು ನನಗೆ ಆಸೆ.

ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿಸುವುದರ ಬಗ್ಗೆ ನನ್ನ ನಿಲುವು ಅಷ್ಟು ಸರಳವಲ್ಲ. ಹೊರಗಿನ ಗೆಳೆಯರು ಮದರಸ ಎಂದ ಕೂಡಲೇ ಗಿಳಿಪಾಠ ಎನ್ನುತ್ತಾರೆ. ನನ್ನ ಉಮ್ಮನಿಗೆ ಒಂದು ಅರಬಿ ಪದದ ಅರ್ಥವೂ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ರಾತ್ರಿ ಅವಳು ಮಯ್ಯತ್ತಿನ ಪಕ್ಕದಲ್ಲಿ ಕೂತು ಬೆಳಗಿನ ತನಕ ಯಾಸೀನ್ ಓದಿದಳು. ಆ ಓದಿಗೆ ಅರ್ಥ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಬಾಲ್ಯದಲ್ಲಿ ಬಾಯಿಗೆ ಬಂದದ್ದು ಆ ಹೊತ್ತಿಗೆ ಅವಳ ಕೈ ಹಿಡಿಯಿತು.

ಇದಕ್ಕೂ ಮಿಕ್ಕಿದ್ದೊಂದು ಉಂಟು. ಕುರ್‌ಆನ್ ಓದು ಪುಸ್ತಕ ನೋಡಿ ಕಲಿಯುವ ವಿದ್ಯೆಯಲ್ಲ. ಬಾಯಿಂದ ಬಾಯಿಗೆ ಬರಬೇಕು. ಗಂಟಲಿನ ಆಳದಿಂದ ಬರುವ ‘ಐನ್’, ನಾಲಿಗೆಯ ಅಂಚು ದವಡೆಗೆ ತಾಗಿ ಬರುವ ‘ಳಾದ್’ ಇವುಗಳನ್ನು ಮಗು ಉಸ್ತಾದರ ತುಟಿ, ನಾಲಿಗೆ ನೋಡಿಯೇ ಹಿಡಿಯಬೇಕು. ಅದಕ್ಕೇ ಓದಲು ಕಲಿಸುವವರು ತಾನು ಯಾರಿಂದ ಕಲಿತೆ, ಅವರು ಯಾರಿಂದ ಕಲಿತರು ಎಂಬ ಸರಪಳಿ ಇಟ್ಟುಕೊಳ್ಳುತ್ತಾರೆ. ಯೋಚಿಸಿ ನೋಡಿದರೆ ಇಷ್ಟು ಹತ್ತಿರದಿಂದ ಗುರುವಿನ ಮುಖವನ್ನು ನೋಡಲೇಬೇಕಾದ ಪಾಠ ಇನ್ನೊಂದಿಲ್ಲ. ಕೊರೊನಾ ಕಾಲದಲ್ಲಿ ಮದರಸದ ಪಾಠವೂ ಮೊಬೈಲಿಗೆ ಬಂತು. ನನ್ನ ತಂಗಿಯ ಮಗ ಪರದೆಯ ಮೇಲಿನ ಉಸ್ತಾದರ ಬಾಯಿಗೆ ತನ್ನ ಬಾಯಿ ಹೊಂದಿಸಿ ಓದುತ್ತಿದ್ದ. ಅವನು ತಪ್ಪಿದರೂ ಆ ಉಸ್ತಾದರು ಮುಂದಕ್ಕೆ ಹೋಗುತ್ತಿದ್ದರು. ನಾಲ್ಕು ದಿನಕ್ಕೆ ಅವನು ಬಿಟ್ಟ. ಬೈಯುವವರೂ ಇಲ್ಲ ಎಂದು ಅವನು ಹೇಳಿದ ಕಾರಣ ನನ್ನನ್ನು ಇವತ್ತಿಗೂ ಯೋಚನೆಗೆ ಹಚ್ಚುತ್ತದೆ. ಅವನು ಬೈಗುಳ ಬೇಕು ಎನ್ನಲಿಲ್ಲ. ತನ್ನ ದನಿ ಯಾರಿಗೂ ಕೇಳಿಸುತ್ತಿಲ್ಲ ಎಂದು ಹೇಳಿದ, ಅಷ್ಟೆ.

ಅರ್ಥ ಮೊದಲೋ ಓದು ಮೊದಲೋ ಎಂಬ ಜಗಳ ಹೊಸದೂ ಅಲ್ಲ. 14ನೆಯ ಶತಮಾನದ ಇಬ್ನ್ ಖಲ್ದೂನ್ ತಮ್ಮ ‘ಮುಖದ್ದಿಮಾ’ದಲ್ಲಿ ಒಂದೊಂದು ಸೀಮೆಯವರು ಮಕ್ಕಳಿಗೆ ಹೇಗೆ ಕಲಿಸುತ್ತಾರೆ ಎಂದು ವಿವರವಾಗಿ ಬರೆದಿದ್ದಾರೆ. ಅಲ್ಲಿ ಆಂದಲೂಸಿಯಾದ ನ್ಯಾಯಾಧೀಶ ಅಬೂ ಬಕ್ರ್ ಇಬ್ನುಲ್ ಅರಬಿಯವರ ಸಲಹೆಯೊಂದನ್ನು ಉಲ್ಲೇಖಿಸುತ್ತಾರೆ. ಮೊದಲು ಭಾಷೆ, ಕಾವ್ಯ, ಲೆಕ್ಕ ಕಲಿಸಿ, ಆಮೇಲೆ ಕುರ್‌ಆನ್ ಕಲಿಸಿದರೆ ಮಗುವಿಗೆ ಓದಿದ್ದು ತಿಳಿಯುತ್ತದೆ ಎಂದು ಸಲಹೆ. ಒಳ್ಳೆಯ ಕ್ರಮವೇ, ಆದರೆ ರೂಢಿ ಒಪ್ಪುವುದಿಲ್ಲ ಎನ್ನುತ್ತಾರೆ ಇಬ್ನ್ ಖಲ್ದೂನ್. ಚಿಕ್ಕವರಿರುವಾಗ ಮಕ್ಕಳು ಹೇಳಿದ ಮಾತು ಕೇಳುತ್ತಾರೆ, ದೊಡ್ಡವರಾದ ಮೇಲೆ ಕೈಗೆ ಸಿಗುವುದಿಲ್ಲ, ಆಗ ಕುರ್‌ಆನ್ ತಪ್ಪಿಯೇ ಹೋದೀತು ಎಂದು ಹೆತ್ತವರಿಗೆ ಹೆದರಿಕೆ. ಆರುನೂರು ವರ್ಷ ದಾಟಿದರೂ ಅದೇ ಹೆದರಿಕೆ ನಮ್ಮ ಮೀಟಿಂಗಿನಲ್ಲಿ ಕೂತಿದೆ.

ಬೆತ್ತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದೇ ಇಬ್ನ್ ಖಲ್ದೂನ್ ಮಕ್ಕಳ ಮೇಲಿನ ಬಿರುಸು ಅವರಿಗೆ ಸುಳ್ಳು ಮತ್ತು ಕಪಟ ಕಲಿಸುತ್ತದೆ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿತು. 2012ರ ತಿದ್ದುಪಡಿ ಮದರಸ, ವೇದ ಪಾಠಶಾಲೆಗಳನ್ನು ಆ ಕಾಯ್ದೆಯ ಹೊರಗಿಟ್ಟಿತು. ಒಂಬತ್ತೂವರೆಗೆ ನಾನು ಮುಟ್ಟಬಾರದ ಮಗುವನ್ನು ಎಂಟು ಗಂಟೆಗೆ ಇನ್ನೊಬ್ಬರು ಮುಟ್ಟುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು ಎಂಬಂತೆ ಆಗಿದೆ. ಈಗ ಬೆತ್ತ ಬಹಳ ಕಡೆ ಕಡಿಮೆಯಾಗಿದೆ, ಅದನ್ನೂ ಹೇಳಬೇಕು. ಆದರೆ ಬೆತ್ತ ಹೋದ ಜಾಗಕ್ಕೆ ಮಾತು ಬರಬೇಕಿತ್ತು, ಎಷ್ಟೋ ಕಡೆ ಬಂದದ್ದು ಅಸಡ್ಡೆ. ಶಾಲೆಗಳಲ್ಲಿಯೂ ಹಾಗೆಯೇ ಎಂದು ಮಾಷ್ಟ್ರಾಗಿ ಹೇಳಬಲ್ಲೆ.

ಹದೀಸ್ ಗ್ರಂಥಗಳಲ್ಲಿ ಮುಆವಿಯಾ ಇಬ್ನುಲ್ ಹಕಮ್ ಎಂಬವರ ಒಂದು ನೆನಪು ಇದೆ. ಹೊಸದಾಗಿ ಇಸ್ಲಾಮಿಗೆ ಬಂದವರು. ನಮಾಝ್ ನಡೆಯುವಾಗ ಯಾರೋ ಸೀನಿದರು, ಇವರು ವಾಡಿಕೆಯಂತೆ ಜೋರಾಗಿ ಹಾರೈಸಿಬಿಟ್ಟರು. ನಮಾಝಿನ ನಡುವೆ ಮಾತಾಡಬಾರದು ಎಂದು ಗೊತ್ತಿರಲಿಲ್ಲ. ಸುತ್ತಲಿದ್ದವರು ಕೆಕ್ಕರಿಸಿ ನೋಡಿ ತೊಡೆ ಬಡಿದುಕೊಂಡರು. ಮುಗಿದ ಮೇಲೆ ಪ್ರವಾದಿಯವರು ಕರೆದು ಇದು ಇಂಥದ್ದು, ಇಲ್ಲಿ ಲೋಕದ ಮಾತು ಸಲ್ಲದು ಎಂದು ಹೇಳಿದರು, ಅಷ್ಟೆ. ಮುಆವಿಯಾ ಅದನ್ನು ನೆನೆಯುವಾಗ ಪಾಠವನ್ನು ಹೇಳುವ ಮೊದಲೇ, ಅಂಥ ಗುರುವನ್ನು ಹಿಂದೆಯೂ ಮುಂದೆಯೂ ಕಾಣಲಿಲ್ಲ, ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ ಎಂದು ಹೇಳಿಕೊಳ್ಳುತ್ತಾರೆ. ಧೈರ್ಯ ಬಂದು ಮುಂದಿನ ಪ್ರಶ್ನೆಗಳನ್ನು ಕೇಳುತ್ತಾರೆ ಕೂಡ. ಜ್ಯೋತಿಷ್ಯ ಹೇಳುವವರ ಬಳಿ ಹೋಗಬಹುದೇ, ಶಕುನ ನೋಡಬಹುದೇ ಎಂದು ಒಂದರ ಮೇಲೊಂದು. ತಪ್ಪು ಮಾಡಿ ಸಿಕ್ಕಿಬಿದ್ದ ಮನುಷ್ಯ ಅದೇ ಜಾಗದಲ್ಲಿ ನಿಂತು ಇಷ್ಟು ಪ್ರಶ್ನೆ ಕೇಳಬೇಕಾದರೆ ಎದುರಿನ ಮುಖ ಹೇಗಿದ್ದಿರಬೇಕು!

ಇಷ್ಟನ್ನೆಲ್ಲ ಉಸ್ತಾದರ ತಲೆಗೆ ಕಟ್ಟಿ ನಾನು ಕೈತೊಳೆದುಕೊಂಡರೆ ಅನ್ಯಾಯವಾಗುತ್ತದೆ. ನಮ್ಮ ಕಡೆ ಉಸ್ತಾದರ ಊಟ ಮನೆಮನೆಯ ಪಾಳಿಯಲ್ಲಿ. ಯಾವ ಮನೆಯ ಸರದಿಯೋ ಆ ಮನೆಯ ಮಗು ಕ್ಯಾರಿಯರ್ ಹಿಡಿದು ಬರುತ್ತದೆ. ಮೀನು ಚೆನ್ನಾಗಿದ್ದರೂ ಉಪ್ಪು ಹೆಚ್ಚಾದರೂ ಹೇಳುವ ಹಾಗಿಲ್ಲ. ಅದೇ ಮಗುವಿನ ಅಪ್ಪ ಕಮಿಟಿಯ ಸದಸ್ಯನಿರಬಹುದು. ಹಾಗಿರುವಾಗ ಆ ಮಗುವನ್ನು ತಿದ್ದುವುದು ಹೇಗೆ, ಪಕ್ಕದ ಬಡ ಹುಡುಗನನ್ನು ಅದೇ ತಪ್ಪಿಗೆ ತಿದ್ದುವುದು ಹೇಗೆ? ಸಂಬಳ ಹೆಚ್ಚಿಸಿ ಎಂದು ಬಾಯಿ ಬಿಟ್ಟು ಕೇಳಿದ ಉಸ್ತಾದರು ಮುಂದಿನ ವರ್ಷ ಇರುವುದಿಲ್ಲ. ಮದರಸದ ವರ್ಷ ಶಅಬಾನಿನಲ್ಲಿ ಪರೀಕ್ಷೆಯೊಂದಿಗೆ ಮುಗಿಯುತ್ತದೆ, ರಂಜಾನ್ ರಜೆ, ಪೆರ್ನಾಲ್ ಕಳೆದು ಶವ್ವಾಲಿನಲ್ಲಿ ಹೊಸ ವರ್ಷ. ರಜೆಗೆ ಹೋಗುವಾಗ ಪೆಟ್ಟಿಗೆ ಪೂರ್ತಿ ತುಂಬಿಸಿಕೊಂಡು ಹೋಗಬೇಕೋ ಅರ್ಧ ಇಲ್ಲೇ ಬಿಡಬೇಕೋ ಎಂಬುದು ಎಷ್ಟೋ ಉಸ್ತಾದರಿಗೆ ಕೊನೆಯ ವಾರದ ತನಕ ಗೊತ್ತಿರುವುದಿಲ್ಲ. ಪ್ರಶ್ನೆ ಕೇಳುವ ಸ್ವಾತಂತ್ರ್ಯ ತನಗೇ ಇಲ್ಲದ ಮನುಷ್ಯ ಅದನ್ನು ಮಕ್ಕಳಿಗೆ ಕೊಡಬೇಕು ಎಂದು ನಾವು ಬಯಸುತ್ತೇವೆ. ಕಮಿಟಿಯ ಎದುರು ಅವರು ತಲೆ ತಗ್ಗಿಸಿ ಕೂರುವ ರೀತಿ, ಅವರ ಎದುರು ಮಕ್ಕಳು ಕೂರುವ ರೀತಿ ಎರಡೂ ಒಂದೇ ಎಂದು ನನಗೆ ಒಮ್ಮೆ ಹೊಳೆಯಿತು. ಆ ಮೇಲೆ ಮೀಟಿಂಗಿನಲ್ಲಿ ಅಧ್ಯಕ್ಷರ ಮುಖ ನೋಡುವುದೇ ನನಗೆ ಒಂದು ಅಭ್ಯಾಸವಾಯಿತು.

ಹೋದ ವರ್ಷ ನಬಿದಿನದ ತಯಾರಿ ನಡೆಯುತ್ತಿದ್ದಾಗ ಒಂದು ವಿಷಯ ಗಮನಿಸಿದೆ. ವರ್ಷವಿಡೀ ತಪ್ಪಿಸಿಕೊಳ್ಳುವ ಹುಡುಗರೂ ಆ ತಿಂಗಳು ಸಂಜೆಯೂ ಮದರಸದಲ್ಲಿ ಇರುತ್ತಾರೆ. ಹಾಡು, ಭಾಷಣ, ದಫ್. ಬಹುಮಾನಕ್ಕಾಗಿ ಎಂದು ಕಮಿಟಿಯವರ ತರ್ಕ. ಬಹುಮಾನ ಎಂದರೆ ಒಂದು ಸ್ಟೀಲ್ ತಟ್ಟೆಯೋ ಲೋಟವೋ, ಅದಕ್ಕೆ ಯಾರೂ ಬರುವುದಿಲ್ಲ. ಮೈಕಿನ ಎದುರು ನಿಂತಾಗ ಊರು ಅವರ ಮಾತು ಕೇಳಿಸಿಕೊಳ್ಳುತ್ತದೆ. ಅದಕ್ಕೆ ಬರುತ್ತಾರೆ. ಇದನ್ನು ಉಸ್ತಾದರಿಗೆ ಹೇಳಿದಾಗ ಅವರು ಏನೂ ಹೇಳಲಿಲ್ಲ. ಆದರೆ ಮರುವಾರದಿಂದ ಗುರುವಾರ, ರಜೆಯ ಹಿಂದಿನ ದಿನ, ಕೊನೆಯ ಹದಿನೈದು ನಿಮಿಷ ಪುಸ್ತಕ ಮುಚ್ಚಿಸಲು ಶುರು ಮಾಡಿದರು. ಏನು ಬೇಕಾದರೂ ಕೇಳಿ ಎಂದರಂತೆ. ಮೊದಲ ಗುರುವಾರ ಯಾರೂ ಕೇಳಲಿಲ್ಲ. ಎರಡನೆಯದಕ್ಕೆ ಒಬ್ಬ, ಮೂತ್ರಕ್ಕೆ ಹೋಗಲೇ ಎಂದು ಕೇಳಿದ. ಹೋಗು, ಆದರೆ ಅದು ಲೆಕ್ಕಕ್ಕಿಲ್ಲ ಎಂದರಂತೆ ಉಸ್ತಾದರು, ತರಗತಿ ನಕ್ಕಿತಂತೆ. ಅಲ್ಲಿಂದ ಸ್ವಲ್ಪ ಸಡಿಲವಾಯಿತು. ಸತ್ತ ಬೆಕ್ಕು ಎಲ್ಲಿಗೆ ಹೋಗುತ್ತದೆ, ಚಂದ್ರನ ಮೇಲೆ ನಮಾಝ್ ಮಾಡುವುದಾದರೆ ಯಾವ ಕಡೆಗೆ ತಿರುಗಬೇಕು, ಹುಡುಗಿಯರು ಯಾಕೆ ಬಾಂಗ್ ಕೊಡುವುದಿಲ್ಲ. ಕೆಲವಕ್ಕೆ ಅವರಿಗೆ ಉತ್ತರ ಗೊತ್ತಿತ್ತು, ಕೆಲವಕ್ಕೆ ಕಿತಾಬು ನೋಡಿ ಬಂದರು, ಕೊನೆಯದಕ್ಕೆ ಕೊಟ್ಟ ಉತ್ತರ ಕೇಳಿದ ಹುಡುಗಿಗೆ ಸಾಲಲಿಲ್ಲ ಎಂದು ಅವರೇ ನನಗೆ ಹೇಳಿದರು.

ಶಅಬಾನಿನ ಮೊದಲ ಗುರುವಾರ ಅವರು ಮೂಸಾ ಮತ್ತು ಖಿಳ್ರ್ ಕಥೆಯನ್ನು ಮಕ್ಕಳಿಗೆ ಪೂರ್ತಿಯಾಗಿ, ಕೊನೆಯ ಉ���್ತರಗಳ ಸಮೇತ ಹೇಳಿದರಂತೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ಅಪ್ಪ ಹೊಳೆಯಲ್ಲಿ ದೋಣಿ ಇಟ್ಟುಕೊಂಡವರು. “ಉಸ್ತಾದ್, ರಾಜ ಹೋದ ಮೇಲೆ ಆ ದೋಣಿಯ ತೂತು ಯಾರು ಮುಚ್ಚಿದ್ದು? ಅದರ ಖರ್ಚು ಯಾರು ಕೊಟ್ಟದ್ದು?”

ಉಸ್ತಾದರು ಇದನ್ನು ನನಗೆ ಜಗಲಿಯಲ್ಲಿ ಹೇಳುವಾಗ ನಗುತ್ತಿದ್ದರು. ಇಷ್ಟು ವರ್ಷ ದರ್ಸಿನಲ್ಲಿ ಆ ಅಧ್ಯಾಯ ಓದಿದ್ದೇನೆ ಮಾಷ್ಟ್ರೆ, ತೂತಿನ ಖರ್ಚು ಒಂದು ಸಲವೂ ತಲೆಗೆ ಬಂದಿರಲಿಲ್ಲ ಎಂದರು. ಅವಳಿಗೆ ಏನು ಹೇಳಿದಿರಿ ಎಂದು ಕೇಳಿದೆ. ಕಿತಾಬು ನೋಡಿ ಮುಂದಿನ ಗುರುವಾರ ಹೇಳುತ್ತೇನೆ ಎಂದಿದ್ದೇನೆ ಎಂದರು. ಪರೀಕ್ಷೆಗೆ ಇನ್ನು ಎರಡು ವಾರ ಇತ್ತು. ಬರುವ ವರ್ಷಕ್ಕೆ ಯಾರು ಎಂದು ಕಮಿಟಿ ಆಗ ಇನ್ನೂ ನಿಶ್ಚಯಿಸಿರಲಿಲ್ಲ.